ಭಾವ ಹಿಡಿದ ಪಥ್ಯ

ಗಂಡಸರು ಆ ಮಾತ್ರೆಯನ್ನು ಅರ್ಧಕ್ಕೆ ಬಿಡುವುದು ನಾಚಿಕೆಯಿಂದ ಎಂದು ಎಲ್ಲರೂ ಹೇಳುತ್ತಾರೆ. ಮಣಿಪಾಲದ ಡಾಕ್ಟರು ಹೇಳಿದರು. ಉಡುಪಿಯ ಔಷಧಿ ಅಂಗಡಿಯವರು, ನಾನು ಕೇಳದೆಯೇ, ಹೇಳಿದರು. ಕಾನೂನು ಕಾಲೇಜಿನ ಗೆಳೆಯರ ಮುಂದೆ ಹೆಸರು ಊರು ಬಿಟ್ಟು ವಿಷಯ ಇಟ್ಟಾಗ ಅವರೂ "ನಾಚಿಕೆ, ಮತ್ತೆಂತ?" ಎಂದರು. ಇಷ್ಟು ಜನ ಇಷ್ಟು ಬೇಗ ಒಪ್ಪುವ ಉತ್ತರವನ್ನು ನಾನು ನಂಬುವುದಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ನಾಲ್ಕು ವರ್ಷ ನಿಂತು ಕಲಿತದ್ದು ಅದೊಂದೇ: ಎದುರಿನವನ ಯಾವ ವಾಕ್ಯಕ್ಕೆ ಸಭೆ ತಲೆದೂಗುತ್ತದೋ ಆ ವಾಕ್ಯವನ್ನೇ ಮೊದಲು ಹಿಡಿಯಬೇಕು.

ನಾಚಿಕೆಯೇ ಕಾರಣವಾದರೆ ನನ್ನ ಭಾವ ಕಾಪು ಬಸ್‌ಸ್ಟ್ಯಾಂಡಿನ ಗೋಲಿಸೋಡದ ಅಂಗಡಿಯಲ್ಲಿ, ಬಸ್ಸಿಗೆ ಕಾಯುವವರೆಲ್ಲರ ಎದುರು, ದಿನಾ ಬೆಳಗ್ಗೆ ಆ ಮಾತ್ರೆ ನುಂಗಿದ್ದು ಹೇಗೆ? "ಎಂತದು ಮಾರಾಯ ಅದು?" ಎಂದು ಒಬ್ಬ ಕೇಳಿದ್ದಕ್ಕೆ, "ನಿನಗೂ ಬೇಕಾಗ್ತದೆ, ಸ್ವಲ್ಪ ವರ್ಷ ಕಾಯಿ" ಎಂದು ಹೇಳಿ ಸೋಡದಲ್ಲಿ ಇಳಿಸಿದವರು ಅವರು. ಅಂಥವರು ಇಪ್ಪತ್ತೊಂದನೆಯ ದಿನ ನಿಲ್ಲಿಸಿದರು. ಯಾಕೆ? ಉತ್ತರ ಹುಡುಕುತ್ತಾ ಹೋಗಿ ನಾನು ತಲುಪಿದ್ದು ನನ್ನ ಬಾಯಿಗೇ.

ವಿಷಯ ಮೊದಲಿನಿಂದ ಹೇಳುತ್ತೇನೆ. ಎಂಬತ್ತರ ದಶಕದ ಆರಂಭ. ನಮ್ಮ ಮನೆ ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ. ನಾನು ಉಡುಪಿಯಲ್ಲಿ ರೂಮು ಮಾಡಿಕೊಂಡು ಕಾನೂನು ಓದುತ್ತಿದ್ದೆ. ಅಕ್ಕನನ್ನು ಕಾಪುವಿಗೆ ಕೊಟ್ಟು ಮೂರು ವರ್ಷವಾಗಿತ್ತು. ಭಾವ ಅಲ್ಲಿಯ ಒಂದು ಐಸ್ ಪ್ಲಾಂಟಿನಲ್ಲಿ ಮೆಕ್ಯಾನಿಕ್. ಅವರ ತಾಯಿ ಬುಟ್ಟಿ ಹೊತ್ತು ಮೀನು ಮಾರುವವರು. ಮಕ್ಕಳಾಗಿರಲಿಲ್ಲ. ನಮ್ಮಲ್ಲಿ ಇಂಥ ವಿಷಯಕ್ಕೆ ತಂದೆಯ ಮಾತಿಗಿಂತ ಸೋದರಮಾವನ ಮಾತು ದೊಡ್ಡದು. ಆ ವರ್ಷ ಅಷ್ಟಮಿಯ ಊಟಕ್ಕೆ ಬಂದ ಮಾವ ಕೈ ತೊಳೆಯುತ್ತಾ ತೀರ್ಮಾನ ಹೇಳಿಬಿಟ್ಟರು: ದೀಪಾವಳಿ ಕಳೆದ ಮರುದಿನ ಕಾಪುವಿಗೆ ಹೋಗುವುದು, ಹುಡುಗಿಯನ್ನು ಕರೆದುಕೊಂಡು ಬರುವುದು, ಸಂಬಂಧ ಬಿಡಿಸಿ ಬೇರೆ ಕಡೆ ನೋಡುವುದು.

ಹಬ್ಬಕ್ಕೆ ಬಂದಿದ್ದ ಅಕ್ಕ ಹಿಂದಿನ ಜಗಲಿಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ನಾನು ಹೋಗಿ ಕೇಳಿದೆ. "ನನಗೆ ಆ ಮನೆ ಬಿಟ್ಟು ಬರ್ಲಿಕ್ಕಿಲ್ಲ" ಎಂದಳು. ಕಾರಣ ಹೇಳಲಿಲ್ಲ. ಪಾತ್ರೆಯಿಂದ ಕಣ್ಣನ್ನೂ ಎತ್ತಲಿಲ್ಲ. ನನಗೆ ಅಷ್ಟು ಸಾಕಾಗಿತ್ತು. ಅವಳು ಆ ಮನೆಯಲ್ಲಿ ಉಳಿಯಬೇಕು, ಅದಕ್ಕೆ ನನ್ನಲ್ಲಿ ಎರಡು ತಿಂಗಳು ಉಂಟು ಎಂದು ಲೆಕ್ಕ ಹಾಕಿದೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಾವು ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆದ ಮಾತುಗಳೆಲ್ಲ ಆಗ ತುಳುವಿನಲ್ಲಿ ಆದವು, ಎರಡು ಸಲ ಬಿಟ್ಟು. ಆ ಎರಡು ಸಲದ ಕನ್ನಡ ಬಂದಾಗ ಹೇಳುತ್ತೇನೆ.

ಮರುವಾರ ಐಸ್ ಪ್ಲಾಂಟಿಗೆ ಹೋದೆ. ಮಳೆಗಾಲ ಮುಗಿದು ದೋಣಿಗಳು ಕಡಲಿಗೆ ಇಳಿದಿದ್ದವು. ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿತ್ತು. ಆ ಸದ್ದಿನಲ್ಲಿ ಗುಟ್ಟು ಹೇಳಬೇಕಾದರೂ ಬೊಬ್ಬೆ ಹಾಕಬೇಕು. ಮಾವನ ತೀರ್ಮಾನವನ್ನು ನಾನು ಬೊಬ್ಬೆ ಹಾಕಿ ಹೇಳಿದೆ. ಭಾವ ಸ್ಪ್ಯಾನರ್ ಕೆಳಗಿಟ್ಟು, ಅಷ್ಟೇ ದೊಡ್ಡ ಬೊಬ್ಬೆಯಲ್ಲಿ, "ತಪ್ಪು ನಿನ್ನ ಅಕ್ಕನದ್ದಲ್ಲ ಮಾರಾಯ! ನನ್ನಿಂದ ಆಗುವುದಿಲ್ಲ! ಮೂರು ವರ್ಷದಲ್ಲಿ ಸರಿಯಾಗಿ ಆಗಿಯೇ ಇಲ್ಲ!" ಎಂದರು. ಆಚೆ ಬದಿಯಲ್ಲಿ ಇಬ್ಬರು ಐಸಿನ ಗಡ್ಡೆ ಎಳೆಯುತ್ತಿದ್ದರು. ಕೇಳಿಸಿತೋ ಇಲ್ಲವೋ, ಭಾವ ಅತ್ತ ನೋಡಲೂ ಇಲ್ಲ. ನಾಚಿಕೆ ಎನ್ನುವವರಿಗೆ ಈ ದೃಶ್ಯವನ್ನೂ ಪುರಾವೆಯಾಗಿ ಒಪ್ಪಿಸುತ್ತೇನೆ.

"ಮಣಿಪಾಲಕ್ಕೆ ಹೋಗುವಾ, ಭಾವ."

"ಅದಕ್ಕೂ ಡಾಕ್ಟ್ರು ಇದ್ದಾರಾ?"

"ಇದ್ದಾರೆ."

"ಹಾಗಾದ್ರೆ ಇಷ್ಟು ದಿನ ಎಂತ ನೋಡ್ತಾ ಇದ್ದಿ?" ಎಂದು ನನ್ನನ್ನೇ ಬೈದರು.

ಮೊದಲನೆಯ ಕನ್ನಡ ಮಣಿಪಾಲದಲ್ಲಿ. ಡಾಕ್ಟರು ಘಟ್ಟದ ಮೇಲಿನವರು, ತುಳು ಬಾರದು. ಭಾವ ಕುರ್ಚಿಯ ತುದಿಯಲ್ಲಿ ಕೂತು, ರೇಡಿಯೋದ ವಾರ್ತೆಯವರ ಹಾಗೆ, "ನನಗೆ ದಾಂಪತ್ಯದ ವಿಷಯದಲ್ಲಿ ಅಶಕ್ತತೆ ಇರುತ್ತದೆ" ಎಂದು ಶುರು ಮಾಡಿದರು. ಯಾವಾಗಿನಿಂದ, ಹೇಗೆ, ಬೆಳಗ್ಗೆ ಏಳುವಾಗ ಹೇಗಿರುತ್ತದೆ, ಎಲ್ಲವನ್ನೂ ಪೂರ್ತಿ ಪೂರ್ತಿ ವಾಕ್ಯಗಳಲ್ಲಿ ಹೇಳಿದರು. ಹೊರಗೆ ಬಂದ ಮೇಲೆ ಕೇಳಿದೆ, ಇಷ್ಟು ಸಲೀಸಾಗಿ ಹೇಗೆ ಹೇಳಿದಿರಿ ಎಂದು. "ಕನ್ನಡದಲ್ಲಿ ಹೇಳಿದ್ರೆ ಬೇರೆ ಯಾರದ್ದೋ ಕಾಯಿಲೆ ಹೇಳಿದ ಹಾಗೆ ಆಗ್ತದೆ" ಎಂದರು.

ಡಾಕ್ಟರು ರಕ್ತ, ಮೂತ್ರ ಎಲ್ಲ ನೋಡಿಸಿ, ಅರ್ಧ ಹೆದರಿಕೆ, ಅರ್ಧ ದೇಹ ಎಂದರು. ದಿನಕ್ಕೊಂದು ಮಾತ್ರೆ, ಎರಡು ತಿಂಗಳು, ಮಧ್ಯೆ ಬಿಡಬಾರದು. ಸದ್ಯಕ್ಕೆ ಮೂವತ್ತು. ಮುಂದಿನ ತಿಂಗಳು ಹೆಂಡತಿಯನ್ನೂ ಕರೆತರಬೇಕು. ಭಾವ ಎದ್ದು ನಿಂತು ಕೊನೆಯ ಪ್ರಶ್ನೆ ಕೇಳಿದರು:

"ಪಥ್ಯ ಏನು, ಡಾಕ್ಟ್ರೇ?"

"ಪಥ್ಯ ಏನೂ ಇಲ್ಲ. ಬೀಡಿ ಬಿಡಿ. ಕುಡಿಯಬೇಡಿ."

ಭಾವನ ಮುಖದಲ್ಲಿದ್ದ ನಂಬಿಕೆ ಅರ್ಧ ಇಳಿದದ್ದು ನನಗೆ ಕಂಡಿತು. ಪಥ್ಯವಿಲ್ಲದ ಮದ್ದನ್ನು ಅವರು ಹುಟ್ಟಿದ ಮೇಲೆ ನೋಡಿಯೇ ಇರಲಿಲ್ಲ. ಬಸ್ಸಿನಲ್ಲಿ ಕೂತ ಕೂಡಲೇ, "ಡಾಕ್ಟ್ರು ಮರೆತಿರಬೇಕು. ಮೀನಾದ್ರೂ ಬಿಡಬೇಕಲ್ವಾ?" ಎಂದರು. ನಾನು ವಾದ ಶುರು ಮಾಡಿದೆ. ಮಾತ್ರೆ ಹೇಗೆ ರಕ್ತಕ್ಕೆ ಸೇರುತ್ತದೆ, ಅದಕ್ಕೂ ಬಂಗುಡೆಗೂ ಏನೂ ಸಂಬಂಧವಿಲ್ಲ, ಪಥ್ಯ ಎನ್ನುವುದು ಬೇರೆ ಪದ್ಧತಿಯದ್ದು ಎಂದು ಮಣಿಪಾಲದಿಂದ ಉಡುಪಿಗೆ ಇಳಿಯುವವರೆಗೆ ವಿವರಿಸಿದೆ. ಭಾವ ಪ್ರತಿಯೊಂದಕ್ಕೂ ತಲೆದೂಗಿದರು. ನಾನು ಗೆದ್ದೆ ಎಂದುಕೊಂಡೆ.

ಉಡುಪಿಯಲ್ಲಿ ಇಳಿಯುವಾಗ ಅವರು ಹೇಳಿದ್ದು: "ನೀನು ಹೇಳಿದ್ದೆಲ್ಲ ಸರಿ. ಆದ್ರೆ ಮೀನು ಬಿಡದಿದ್ರೆ ನನಗೆ ಸಮಾಧಾನ ಇಲ್ಲ. ಅಮ್ಮ ಕೇಳ್ತಾರೆ, ಅವರಿಗೆ ಎಂತ ಹೇಳುವುದು?"

ಬಿಸಿಲು ಚುರುಗುಡುತ್ತಿತ್ತು, ನನಗೆ ಹಸಿವಾಗಿತ್ತು. ವಾದದಲ್ಲಿ ಸೋತಿದ್ದೇನೆ ಎಂದು ಆಗ ತಾನೇ ಗೊತ್ತಾಗಿದ್ದರ ಕಿರಿಕಿರಿ ಬೇರೆ. "ಕಾಮಾಲೆ ಅಂತ ಹೇಳಿ" ಎಂದೆ. "ಕಾಮಾಲೆ ಅಂದ್ರೆ ಮತ್ತೆ ಯಾರೂ ಪ್ರಶ್ನೆ ಕೇಳುವುದಿಲ್ಲ."

ಮರುಪ್ರಶ್ನೆಗೆ ಎಡೆ ಕೊಡದ ಉತ್ತರ. ಆ ಜಾಣತನಕ್ಕೆ ನನಗೆ ನಾನೇ ಬೆನ್ನು ತಟ್ಟಿಕೊಂಡದ್ದೂ ನೆನಪುಂಟು.

ಒಂದು ತಿಂಗಳ ನಂತರ ಡಾಕ್ಟರನ್ನು ಕಾಣಬೇಕಾದ ದಿನ ನಾನು ಊರಿನಲ್ಲಿರಲಿಲ್ಲ. ಮಂಗಳೂರಿನಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆ ಇತ್ತು. ಭಾವ ತಾವೇ ಹೋಗಿ ಬರುತ್ತೇನೆ ಎಂದಿದ್ದರು; ಹೋಗಲಿಲ್ಲ ಎಂದು ಗೊತ್ತಾದದ್ದು ಆಮೇಲೆ. ನನಗೆ ಮೊದಲ ಬಹುಮಾನ ಬಂತು. ಕಪ್ಪು ಹಿಡಿದುಕೊಂಡು ಬಂದವನು ಅದನ್ನು ಊರಿಗೆಲ್ಲ ತೋರಿಸಿ, ದೀಪಾವಳಿಗೆ ಒಂದು ವಾರ ಇರುವಾಗ ಕಾಪುವಿಗೆ ಹೋದೆ.

ಮನೆಯ ಅಂಗಳದಲ್ಲಿ ಅತ್ತೆ, ಅಂದರೆ ಭಾವನ ತಾಯಿ, ಖಾಲಿ ಮೀನಿನ ಬುಟ್ಟಿ ತೊಳೆಯುತ್ತಿದ್ದರು. ನನ್ನನ್ನು ಕಂಡದ್ದೇ ಬುಟ್ಟಿ ಕವುಚಿಟ್ಟು, "ಬಾ ಮಗಾ. ನಿನ್ನ ಭಾವನಿಗೆ ಕಾಮಾಲೆ, ಗೊತ್ತುಂಟಾ? ದೇವರು ದೊಡ್ಡವರು, ಬೇಗ ಗೊತ್ತಾಯಿತು" ಎಂದರು.

"ಹೇಗೆ ಗೊತ್ತಾಯಿತು ಅತ್ತೆ?"

"ಬೂತಾಯಿ ಸಾರಿಟ್ರೆ ಬೇಡ ಅಂತಾನೆ. ಮೀನು ಬಿಟ್ಟವ ಒಂದೋ ಮಠಕ್ಕೆ ಸೇರಬೇಕು, ಒಂದೋ ಕಾಮಾಲೆ ಆಗಿರಬೇಕು. ಕೇಳಿದೆ, ಹೌದು ಅಂದ. ಮರುದಿನವೇ ಬೆಳ್ಮಣ್‌ಗೆ ಕರ್ಕೊಂಡು ಹೋಗ್ತೇನೆ ಅಂದೆ, ಕೇಳ್ಳಿಲ್ಲ. ಮತ್ತೆ ನಾನೇ ಅಜ್ಜಿಯನ್ನು ಮನೆಗೆ ಕರ್ಕೊಂಡು ಬಂದೆ."

ಬೆಳ್ಮಣ್ ಕಡೆಯ ಒಬ್ಬ ಅಜ್ಜಿ ಕಾಮಾಲೆಗೆ ಹಸಿರು ಮದ್ದು ಕೊಡುತ್ತಿದ್ದರು. ನೆಲನೆಲ್ಲಿಯನ್ನು ಬೇರು ಸಮೇತ ಅರೆದು, ಮಜ್ಜಿಗೆಯಲ್ಲಿ ಕಲಸಿ, ಬರಿಹೊಟ್ಟೆಗೆ. ಆಮೇಲೆ ಉಪ್ಪಿಲ್ಲದ ಗಂಜಿ. ಅಜ್ಜಿ ಬಂದವರು ಭಾವನ ಕಣ್ಣಿನ ರೆಪ್ಪೆ ಎಳೆದು ನೋಡಿ, ಇನ್ನೂ ಹಳದಿ ಹತ್ತಿಲ್ಲ, ಒಳಗೆ ಉಂಟು ಎಂದರಂತೆ. ಕೊನೆಗೆ ಕೇಳಿದರಂತೆ: "ಇಂಗ್ಲಿಷ್ ಮದ್ದು ಎಂತಾದ್ರೂ ತೆಕ್ಕೊಳ್ತಾ ಇದ್ದೀಯಾ? ತೆಕ್ಕೊಂಡ್ರೆ ಇವತ್ತೇ ಬಿಡಬೇಕು. ನನ್ನ ಮದ್ದಿಗೂ ಅದಕ್ಕೂ ಆಗುವುದಿಲ್ಲ. ಆಮೇಲೆ ನನ್ನನ್ನು ಕೇಳಬಾರದು." ಅದು ಇಪ್ಪತ್ತನೆಯ ಮಾತ್ರೆಯ ದಿನ.

ಎರಡು ಬಗೆಯ ಮದ್ದು ಹೊಟ್ಟೆಯಲ್ಲಿ ಸೇರಿದರೆ ವಿಷವಾಗುತ್ತದೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯ. ಹಸಿರು ಮದ್ದು ಬೇಡ ಎನ್ನಲು ಭಾವನಿಗೆ ದಾರಿಯಿರಲಿಲ್ಲ. ಕಾಮಾಲೆ ಇಲ್ಲ ಎಂದರೆ ಮೀನು ಯಾಕೆ ಬಿಟ್ಟೆ ಎಂಬ ಪ್ರಶ್ನೆ ಬರುತ್ತದೆ. ಹಾಗೆ ಇಲ್ಲದ ಕಾಯಿಲೆಯ ಮದ್ದು ಉಳಿಯಿತು, ಇದ್ದ ಕಾಯಿಲೆಯದ್ದು ನಿಂತಿತು.

ಐಸ್ ಪ್ಲಾಂಟಿಗೆ ಹೋಗುವಾಗ ನನ್ನಲ್ಲಿ ಇನ್ನೂ ಸಿಟ್ಟಿತ್ತು. "ನಿಮಗೆ ನಾಚಿಕೆ, ಭಾವ. ಅಮ್ಮನ ಹತ್ತಿರ ಹೇಳ್ಲಿಕ್ಕೆ ನಾಚಿಕೆ. ಅಷ್ಟೇ ವಿಷಯ" ಎಂದೆ. ಹೌದು, ನಾನೂ ಅದೇ ಹೇಳಿದೆ.

ಭಾವ ನಕ್ಕರು. "ಅಮ್ಮನ ಹತ್ತಿರ ಯಾವ ಮಗ ಹೇಳ್ತಾನೆ? ನೀನು ಹೇಳ್ತೀಯಾ? ಆ ನಾಚಿಕೆ ಮೊದಲನೇ ದಿನವೂ ಇತ್ತಲ್ಲ. ಆದ್ರೂ ಇಪ್ಪತ್ತು ದಿನ ನುಂಗಿದ್ದೇನೆ. ಯಾವ ಲಾಯರಪ್ಪಾ ನೀನು?"

ಸರಿಯಾದ ವಾದ. ಬೇರೆ ಬದಿಯಿಂದ ಹಿಡಿದೆ. "ಇಪ್ಪತ್ತು ದಿನದಲ್ಲಿ ಏನಾದ್ರೂ ಗುಣ ಕಂಡಿತಾ?"

"ನನಗೆ ಹೇಗೆ ಗೊತ್ತು?"

"ಹೇಗೆ ಗೊತ್ತು ಅಂದ್ರೆ?"

"ಪಥ್ಯದಲ್ಲಿದ್ದೆ ಅಲ್ವಾ. ನಲವತ್ತೆಂಟು ದಿನ. ನಮ್ಮ ಅಪ್ಪನಿಗೆ ಪಂಡಿತರು ಮದ್ದು ಕೊಡುವಾಗ ಹೇಳ್ತಿದ್ದದ್ದು, ಮೀನು ಆಗದು, ಹುಳಿ ಆಗದು, ಹೆಂಡತಿ ಆಗದು. ಮೊದಲನೇ ದಿನದಿಂದಲೇ ನನ್ನ ಚಾಪೆ ಹೊರಗಿನ ಕೋಣೆಯಲ್ಲಿ."

"ಭಾವ, ಈ ಮದ್ದು ಇರುವುದೇ ಅದಕ್ಕೆ."

"ಗೊತ್ತುಂಟು. ನೀರು ಐಸ್ ಆಗ್ಲಿಕ್ಕೂ ಸಮಯ ಬೇಕು. ಮಧ್ಯೆ ಮಧ್ಯೆ ಡಬ್ಬ ಎತ್ತಿ ನೋಡ್ತಾ ಇದ್ರೆ ಐಸ್ ಆಗ್ತದಾ?"

ನಗು ಬಂತು, ಬಂದಷ್ಟೇ ಬೇಗ ನಿಂತಿತು. ಹೊರಗಿನ ಕೋಣೆಯ ಚಾಪೆಯನ್ನು ಅಕ್ಕ ಹೇಗೆ ತಿಳಿದುಕೊಂಡಿರಬಹುದು? ಮೂರು ವರ್ಷ ಹತ್ತಿರ ಮಲಗಿ ಸೋತ ಗಂಡ ಈಗ ಹತ್ತಿರವೂ ಮಲಗುವುದಿಲ್ಲ. ದೀಪಾವಳಿ ಕಳೆದ ಮರುದಿನ ಮಾವ ಬರುತ್ತಾರೆ. ಗಂಡನಿಗೂ ತಾನು ಹೋಗುವುದೇ ಬೇಕಾಗಿದೆ ಎಂದು ಅವಳು ಅಂದುಕೊಂಡರೆ ತಪ್ಪೇನು? ಬಸ್ಸಿನಲ್ಲಿ ನಾನು ಪಥ್ಯದ ವಿರುದ್ಧ ಅಷ್ಟು ಹೊತ್ತು ಮಾತಾಡಿದೆ. ಪಥ್ಯ ಅಂದರೆ ನಿಮ್ಮ ಲೆಕ್ಕದಲ್ಲಿ ಏನೇನು ಎಂದು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

"ಅಕ್ಕನಿಗೆ ಹೇಳಿ" ಎಂದೆ.

"ಅವಳಿಗೆ ಬೇಡ."

"ಯಾಕೆ?"

ಭಾವ ಕೈಯ ಗ್ರೀಸನ್ನು ಬಟ್ಟೆಯ ತುಂಡಿಗೆ ಒರೆಸಿಕೊಂಡರು. "ಹೇಳಿದ್ರೆ ಕಾಯ್ತಾಳೆ. ಈಗ ಅವಳು ಕಾಯುವುದನ್ನು ಬಿಟ್ಟಿದ್ದಾಳೆ. ಪುನಃ ಕಾಯಿಸಿ, ಪುನಃ ಆಗದಿದ್ರೆ? ನಿನಗೆ ಸ್ಪರ್ಧೆಯಲ್ಲಿ ಒಂದು ಸಲ ಸೋತ್ರೆ ಮುಂದಿನ ಸಲ ಬೇರೆ ಸಭೆ ಸಿಗ್ತದೆ. ನನಗೆ ಸಭೆ ಒಂದೇ."

ಬೇರೆ ದಿನವಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದೆ. ಅವತ್ತು ಬಿಡಲಿಲ್ಲ. ಕಾಮಾಲೆ ಹುಟ್ಟಿಸಿದ್ದು ನಾನು. ಅದನ್ನು ಮುಗಿಸಬೇಕಾದವನೂ ನಾನೇ. "ಭಾವ, ಮಾವ ಬರುವ ದಿನ ನಾನೂ ಬರ್ತೇನೆ. ಅಷ್ಟರೊಳಗೆ ನೀವು ಹೇಳದಿದ್ರೆ ಎಲ್ಲರೆದುರು ನಾನು ಹೇಳ್ತೇನೆ" ಎಂದೆ.

"ಹೇಳಿದ್ರೆ ನಿನ್ನನ್ನು ಐಸ್ ಡಬ್ಬ ಮುಳುಗಿಸುವ ಉಪ್ಪುನೀರಿನ ಟ್ಯಾಂಕಿಗೆ ಹಾಕ್ತೇನೆ."

"ಹಾಕಿ. ಹೇಳಿಯೇ ಬೀಳ್ತೇನೆ."

ದೀಪಾವಳಿ ಕಳೆದ ಮರುದಿನ ಹತ್ತು ಗಂಟೆಗೆ ಮಾವ ಬಾಡಿಗೆಯ ಅಂಬಾಸಿಡರ್ ಕಾರಿನಲ್ಲಿ ಬಂದರು. ನಾನು ಮೊದಲೇ ಬಂದು ಜಗಲಿಯ ಮೂಲೆಯಲ್ಲಿ ಕೂತಿದ್ದೆ. ಅಕ್ಕ ಎಲ್ಲರಿಗೂ ಕಾಫಿ ಕೊಟ್ಟು ಬಾಗಿಲಿನ ಬಳಿ ನಿಂತಳು. ಅವಳ ಟ್ರಂಕು ಹೊರಗೆ ಬಂದಿರಲಿಲ್ಲ. ಒಳಗೆ ಕಟ್ಟಿಟ್ಟಿದ್ದಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಭಾವ ಅವಳಿಗೆ ಏನೂ ಹೇಳಿಲ್ಲ ಎಂಬುದು ಅವರ ಮುಖ ನೋಡಿದ ಕೂಡಲೇ ಗೊತ್ತಾಯಿತು.

ಮಾವ ಲೋಟ ಕೆಳಗಿಟ್ಟರು. "ವಿಷಯ ನಿಮಗೆಲ್ಲ ಗೊತ್ತುಂಟು. ಜಗಳ ಇಲ್ಲ, ಬೇಸರ ಇಲ್ಲ. ಮೂರು ವರ್ಷ ಆಯಿತು."

"ಅವನಿಗೆ ಹುಷಾರಿಲ್ಲದ ಹೊತ್ತಿಗೆ ಕರ್ಕೊಂಡು ಹೋಗುವುದಾ?" ಎಂದರು ಅತ್ತೆ. "ಕಾಮಾಲೆ ಬಿಡ್ಲಿ. ಆಮೇಲೆ ಮಾತಾಡುವಾ."

"ಮಾವ" ಎಂದು ನಾನು ಎದ್ದೆ. ನನ್ನ ಬಾಯಲ್ಲಿ ಮೊದಲ ವಾಕ್ಯ ಸಿದ್ಧವಾಗಿತ್ತು. ಭಾವ ಕೈ ಎತ್ತಿ ನನ್ನನ್ನು ತಡೆದರು.

ಎರಡನೆಯ ಕನ್ನಡ ಆಗ ಬಂತು. ತುಳುವಿನ ಮಧ್ಯೆ, ಏನೂ ಮುನ್ಸೂಚನೆಯಿಲ್ಲದೆ, ಭಾವ ಎದ್ದು ನಿಂತು ಕೈಕಟ್ಟಿಕೊಂಡು ಹೇಳಿದರು: "ನನಗೆ ಕಾಮಾಲೆ ಇಲ್ಲ. ನನಗೆ ದಾಂಪತ್ಯದ ವಿಷಯದಲ್ಲಿ ಅಶಕ್ತತೆ ಇರುತ್ತದೆ. ಅದಕ್ಕಾಗಿ ಮಣಿಪಾಲದಲ್ಲಿ ಔಷಧಿ ತೆಗೆದುಕೊಂಡಿದ್ದೇನೆ. ಪಥ್ಯವೆಂದು ತಿಳಿದು ಬೇರೆ ಮಲಗಿದ್ದೆ, ಅವಳು ಬೇಡವೆಂದಲ್ಲ. ಔಷಧಿಯನ್ನು ಮಧ್ಯದಲ್ಲಿ ಬಿಟ್ಟಿದ್ದು ನನ್ನ ತಪ್ಪು. ಪುನಃ ಪ್ರಾರಂಭಿಸುತ್ತೇನೆ. ಎರಡು ತಿಂಗಳ ಸಮಯ ಕೊಡಬೇಕು."

ಅಂಗಳದಲ್ಲಿ ನಿಂತಿದ್ದ ಕಾರಿನ ಡ್ರೈವರ್ ಕೂಡ ಈ ಕಡೆ ನೋಡಿದ. ಅತ್ತೆ ಬಾಯಿಗೆ ಸೆರಗು ಹಿಡಿದರು. ಮಾವನಿಗೂ ಆ ಭಾಷೆ ಅಂಟಿಬಿಟ್ಟಿತು. ಅವರೂ ಕನ್ನಡದಲ್ಲಿ, ಪಂಚಾಯತಿಯ ಕುರ್ಚಿಯಲ್ಲಿ ಕೂತವರ ಹಾಗೆ, "ಅಂದರೆ ಚಿಕಿತ್ಸೆ ನಡೆಯುತ್ತಿದೆ ಎಂದಾಯಿತು" ಎಂದರು. ಮತ್ತೆ ಅಕ್ಕನ ಕಡೆಗೆ ತಿರುಗಿ ತುಳುವಿನಲ್ಲಿ, "ನೀನು ಎಂತ ಹೇಳ್ತಿ?" ಮೂರು ವರ್ಷದಲ್ಲಿ ಅವಳಿಗೆ ಬಂದ ಮೊದಲ ಪ್ರಶ್ನೆ ಅದು, ಪಾತ್ರೆ ತಿಕ್ಕುವಾಗ ನಾನು ಕೇಳಿದ್ದನ್ನು ಬಿಟ್ಟರೆ.

"ನನಗೆ ನಾಳೆ ಮಣಿಪಾಲಕ್ಕೆ ಹೋಗ್ಲಿಕ್ಕುಂಟು" ಎಂದಳು ಅಕ್ಕ.

"ಯಾರ ಒಟ್ಟಿಗೆ?"

"ಇವರ ಒಟ್ಟಿಗೆ. ಇಂಥದ್ದಕ್ಕೆ ಡಾಕ್ಟ್ರು ಇಬ್ಬರನ್ನೂ ಕರೀತಾರಲ್ಲ." ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮಾವ ಒಬ್ಬರೇ ಕಾರು ಹತ್ತಿದರು. ಮಧ್ಯಾಹ್ನ ಅತ್ತೆ ಭಾವನ ಬಟ್ಟಲಿಗೆ ಎರಡು ಹುರಿದ ಬಂಗುಡೆ ಹಾಕಿದರು. ಭಾವ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ತಿಂದರು.

ಮರುದಿನ ಮಣಿಪಾಲದ ಬೆಂಚಿನಲ್ಲಿ ನಾವು ಮೂವರು ಕೂತೆವು. ಭಾವ ಚೀಟಿ ಮಾಡಿಸಲು ಎದ್ದು ಹೋದಾಗ ಅಕ್ಕನಿಗೆ ಕಾಮಾಲೆಯ ಸುಳ್ಳು ನನ್ನದು ಎಂದು ಒಪ್ಪಿಕೊಂಡೆ. ಅವಳು ಆಶ್ಚರ್ಯಪಡಲಿಲ್ಲ.

"ಪ್ಲಾಂಟಿನ ಖಾಕಿ ಅಂಗಿ ಒಗೆಯುವವಳು ನಾನಲ್ವಾ? ಜೇಬಿನಲ್ಲಿ ಹತ್ತು ಮಾತ್ರೆಯ ಹಾಳೆ ಇರ್ತಿತ್ತು. ತೆಗೆದು, ಒಗೆದ ಅಂಗಿಯ ಜೇಬಿಗೆ ಹಾಕಿಡ್ತಿದ್ದೆ. ನಿನ್ನ ಭಾವ ಯಾರು ಹಾಕಿದ್ದು ಅಂತ ಕೇಳ್ಳಿಲ್ಲ, ನಾನು ಯಾವುದರ ಮಾತ್ರೆ ಅಂತ ಕೇಳ್ಳಿಲ್ಲ."

"ಕಾಮಾಲೆಯದ್ದು ಅಂದುಕೊಂಡಿಯಾ?"

"ಕಣ್ಣು ಹಾಲಿನ ಹಾಗೆ ಬಿಳಿ ಇತ್ತು. ಅಷ್ಟು ಗೊತ್ತಾಗದಿದ್ರೆ ಮೂರು ವರ್ಷ ಒಟ್ಟಿಗೆ ಇದ್ದದ್ದು ಎಂತಕ್ಕೆ?" ಎಂದಳು. ಮತ್ತೆ, ನನ್ನ ಕಡೆ ನೋಡದೆ, "ಎರಡು ಹಾಳೆ ಮುಗಿಯಿತು. ಮೂರನೆಯದ್ದು ಒಡೆಯಲೇ ಇಲ್ಲ. ಹತ್ತೂ ಹಾಗೆಯೇ ಉಳಿಯಿತು. ಒಂದು ತಿಂಗಳು ಅದನ್ನೇ ಈ ಅಂಗಿಯಿಂದ ಆ ಅಂಗಿಗೆ ಹಾಕಿದ್ದೇನೆ."

ಭಾವ ಚೀಟಿ ಹಿಡಿದು ಬಂದರು. ನರ್ಸ್ ನಂಬರು ಕರೆದಳು. ಇಬ್ಬರೂ ಎದ್ದರು.

ಭಾವ ಆಮೇಲೆ ಎರಡು ತಿಂಗಳು ಪೂರ್ತಿ ಔಷಧಿ ಮುಗಿಸಿದರು, ಒಂದು ದಿನವೂ ತಪ್ಪದೆ, ಮೀನಿನ ಸಮೇತ. ಅಕ್ಕ ಇಂದಿಗೂ ಕಾಪುವಿನಲ್ಲೇ ಇದ್ದಾಳೆ. ಫಲ ಎಷ್ಟು ಬಂತು ಎಂಬುದು ಅವರಿಬ್ಬರದು. ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಆದರೆ ಅವತ್ತು ಅವಳು ಡಾಕ್ಟರ ಬಾಗಿಲು ತಲುಪುವ ಮೊದಲು ಸೀರೆಯ ತುದಿ ಹಿಡಿದು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದ್ದೆ. ಅವಳು ತುದಿ ಬಿಡಿಸಿಕೊಂಡು ಒಳಗೆ ಹೋದಳು. ಪ್ರತಿ ದೀಪಾವಳಿಗೆ ಅದನ್ನೇ ಕೇಳುತ್ತೇನೆ. ಅವಳಿಗೆ ಆಗಲೇ ಒಳಗೆ ಏನಾದರೂ ಕೆಲಸ ಬರುತ್ತದೆ. ಇಲ್ಲಿ ಬರೆದೇ ಕೇಳುತ್ತೇನೆ: ಅಕ್ಕ, ಮೂರನೆಯ ಹಾಳೆ ಒಡೆದಿಲ್ಲ ಎಂದು ಕಂಡ ಮೊದಲ ದಿನವೇ ನೀನು ಅವರನ್ನು ಯಾಕೆ ಕೇಳಲಿಲ್ಲ?